ಕಂಜಿಯ ಓದನ್ನು ಪಟ್ಟಿಯಿಂದಲ್ಲ, ಪದದಿಂದ ಕಲಿಯಬೇಕು

ಮಾನ್ಯ ಸಂಪಾದಕರೇ,

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರಗಳಂದು ನಡೆಯುತ್ತದೆ. ಅದಕ್ಕೆ ಕೂರಲು ಹೊರಡುವ ನಮ್ಮ ಹುಡುಗ ಹುಡುಗಿಯರು ಹಿರಗನ, ಕತಕನ ಎಂಬ ಎರಡು ಲಿಪಿಗಳ ತಲಾ 46 ಮೂಲಾಕ್ಷರಗಳನ್ನು ಎರಡು ಮೂರು ವಾರದಲ್ಲಿ ಚೆನ್ನಾಗಿಯೇ ಕಲಿತುಬಿಡುತ್ತಾರೆ. ಮೂರನೆಯದಾದ ಕಂಜಿ ಎದುರಾದಾಗ ಮಾತ್ರ ಹಲವರು ಕೈಚೆಲ್ಲುತ್ತಾರೆ. ತಪ್ಪು ಅವರದಲ್ಲ. ಒಂದೊಂದು ಕಂಜಿಯ ಕೆಳಗೂ ಅದರ ಎಲ್ಲ ಓದುಗಳನ್ನು, ಎಂದರೆ ಉಚ್ಚರಿಸುವ ಬಗೆಗಳನ್ನು, ಸಾಲಾಗಿ ಬರೆದುಕೊಟ್ಟು, ಇಂಗ್ಲಿಷಿನ ಒಂದು ಪದವನ್ನು ಅರ್ಥವೆಂದು ಅಂಟಿಸಿ, ಬಾಯಿಪಾಠ ಮಾಡಿ ಎನ್ನುವ ಕ್ರಮವೇ ತಪ್ಪು. ಕನ್ನಡ ಬಲ್ಲವರಿಗೆ ಇದಕ್ಕಿಂತ ಹತ್ತಿರದ ದಾರಿಯೊಂದಿದೆ. ಅದನ್ನು ವಿವರವಾಗಿ ತಿಳಿಸಲೆಂದೇ ಈ ಪತ್ರ.

ಕಂಜಿ ಎಂದರೆ ಚೀನಾದಿಂದ ಜಪಾನಿಗೆ ಹೋದ ಅಕ್ಷರ. ಪ್ರತಿಯೊಂದಕ್ಕೂ ಒಂದು ಅರ್ಥವಿದೆ, ಆದರೆ ಓದು ಒಂದೇ ಅಲ್ಲ. ಚೀನೀ ಉಚ್ಚಾರವನ್ನು ಜಪಾನಿ ನಾಲಿಗೆಗೆ ಒಗ್ಗಿಸಿಕೊಂಡ ಓದಿಗೆ ಒನ್ ಎನ್ನುತ್ತಾರೆ. ಅದೇ ಅರ್ಥಕ್ಕೆ ಮೊದಲಿನಿಂದ ಇದ್ದ ಅಚ್ಚ ಜಪಾನಿ ಮಾತನ್ನು ಆ ಅಕ್ಷರದ ಮೇಲೆ ಕೂರಿಸಿದಾಗ ಅದು ಕುನ್. ಇದು ವಿಚಿತ್ರ ಎನ್ನುವವರು ಕನ್ನಡ ಪತ್ರಿಕೆಯ ಒಂದು ಸಾಲನ್ನು ಗಟ್ಟಿಯಾಗಿ ಓದಿ ನೋಡಬೇಕು. ‘2 ಪುಸ್ತಕ’ ಎಂದಿದ್ದರೆ ಎರಡು ಎಂದು ಓದುತ್ತೇವೆ; ‘2 ಮಕ್ಕಳು’ ಎಂದಿದ್ದರೆ ಅದೇ ಗುರುತು ಇಬ್ಬರು ಆಗುತ್ತದೆ. ಯಾರೂ ನಮಗೆ ‘2 ಎಂಬುದರ ಓದುಗಳು ಇಂತಿಷ್ಟು’ ಎಂದು ಪಟ್ಟಿ ಕೊಟ್ಟಿರಲಿಲ್ಲ. ಪಕ್ಕದ ಪದ ನೋಡಿ ಓದಿದೆವು. ಜಪಾನಿಯಲ್ಲೂ ಹಾಗೆಯೇ: ಒಬ್ಬರು ಎಂಬುದು ಹಿತೊರಿ, ಇಬ್ಬರು ಎಂಬುದು ಫುತರಿ, ಮೂವರಿಗೆ ಬಂದಾಗ ಸನ್ನಿನ್. ಮೊದಲೆರಡು ಅಚ್ಚ ಜಪಾನಿ, ಮೂರನೆಯದು ಚೀನೀ ಮೂಲದ್ದು. ಬರಹದಲ್ಲಿ ಮಾತ್ರ ಮೂರೂ ಕಡೆ ಅಂಕಿಯ ಅಕ್ಷರ, ಅದರ ಪಕ್ಕದಲ್ಲಿ ಮನುಷ್ಯನ ಅಕ್ಷರ, ಅಷ್ಟೇ.

ಇನ್ನೂ ಹತ್ತಿರದ ಹೋಲಿಕೆ ಸಂಸ್ಕೃತದ್ದು. ಒಂಟಿಯಾಗಿ ನಿಂತಾಗ ‘ಕಣ್ಣು’, ದಾನದ ಜೊತೆ ಸೇರಿದಾಗ ‘ನೇತ್ರ’. ನೇತ್ರದಾನ ಎನ್ನುತ್ತೇವೆಯೇ ಹೊರತು ಕಣ್ಣುದಾನ ಎನ್ನುವುದಿಲ್ಲ. ಕಣ್ಣೀರು ಎನ್ನುತ್ತೇವೆ, ನೇತ್ರನೀರು ಎನ್ನುವುದಿಲ್ಲ. ಕಣ್ಣಿಗೆ ಒಂದೇ ಚಿತ್ರಾಕ್ಷರವಿದ್ದು, ಎರಡು ಕಡೆಯೂ ಅದನ್ನೇ ಬರೆಯುವ ಪದ್ಧತಿ ಇದ್ದಿದ್ದರೆ ಕನ್ನಡದಲ್ಲೂ ಒನ್ ಮತ್ತು ಕುನ್ ಇರುತ್ತಿದ್ದವು. ದೇಶ್ಯ ಪದ ದೇಶ್ಯದ ಜೊತೆ, ಸಂಸ್ಕೃತ ಸಂಸ್ಕೃತದ ಜೊತೆ ಕೂಡುವುದು ನಮ್ಮಲ್ಲಿ ರೂಢಿ. ಬೆರೆತರೆ ಕೇಶಿರಾಜನ ಕಾಲದಿಂದಲೂ ಅದನ್ನು ಅರಿಸಮಾಸ ಎಂದು ಬೇರೆ ಇಟ್ಟಿದ್ದಾರೆ. ಜಪಾನಿಗರೂ ಬೆರಕೆ ಓದಿಗೆ ಬೇರೆ ಹೆಸರಿಟ್ಟಿದ್ದಾರೆ. ಮೊದಲು ಒನ್, ಆಮೇಲೆ ಕುನ್ ಬಂದರೆ ಜೂಬಕೊ ಓದು. ತಿರುವು ಮುರುವಾದರೆ ಯುತೋ ಓದು. ಬಿಡದಿಯ ಕಾರು ಕಾರ್ಖಾನೆಯಂಥ ಕಡೆ ಕೆಲಸ ಮಾಡುವವರ ಬಾಯಲ್ಲಿ ‘ಗೆಂಬಾ’ ಎಂಬ ಮಾತು ಕೇಳಿರಬಹುದು, ಕೆಲಸ ನಡೆಯುವ ಜಾಗ ಎಂದು. ಅದರ ‘ಗೆನ್’ ಒನ್, ‘ಬ’ ಕುನ್. ಪಕ್ಕಾ ಅರಿಸಮಾಸ.

ಈಗ ಒಂದು ಕಂಜಿಯನ್ನು ಕೈಗೆತ್ತಿಕೊಳ್ಳೋಣ. ಕನ್ನಡ ಲಿಪಿಯಲ್ಲೇ ಬರೆಯುತ್ತಿರುವುದರಿಂದ ಅಕ್ಷರವನ್ನು ಮಾತಿನಲ್ಲೇ ಬಿಡಿಸುತ್ತೇನೆ; ಓದುವವರು ಪೆನ್ಸಿಲ್ ಹಿಡಿದು ಹಾಕುತ್ತಾ ಹೋಗಬಹುದು. ಗಣಿತದ ಚೌಕುಳಿ ಪುಸ್ತಕದಲ್ಲಿ ಒಂದು ಸೆಂಟಿಮೀಟರಿನ ನಾಲ್ಕು ಮನೆ ಸೇರಿಸಿ ಎರಡು ಸೆಂಟಿಮೀಟರ್ ಚೌಕ ಮಾಡಿಕೊಳ್ಳಿ. ನಡುವೆ ಬರುವ ಅಡ್ಡ, ಉದ್ದ ಗೆರೆಗಳು ಅಳತೆಗೆ ನೆರವಾಗುತ್ತವೆ. ಗಟ್ಟಿ ಪೆನ್ಸಿಲ್ ಬೇಡ, 2ಬಿ ಒಳ್ಳೆಯದು. ಗೆರೆ ಎಲ್ಲಿ ನಿಂತಿತು, ಎಲ್ಲಿ ತೇಲಿಹೋಯಿತು ಎಂಬುದು ಮೆತ್ತನೆಯ ಸೀಸದಲ್ಲಿ ಎದ್ದು ಕಾಣುತ್ತದೆ.

ಒಟ್ಟು ಐದು ಗೆರೆ. ಮೊದಲನೆಯದು ಎಡಮೇಲ್ಭಾಗದಲ್ಲಿ ಬಲದಿಂದ ಎಡಕ್ಕೆ ಇಳಿಯುವ ಗಿಡ್ಡ ಓರೆಗೆರೆ. ತುದಿಯನ್ನು ತೇಲಿಸಿ ಬಿಡಬೇಕು. ಎರಡನೆಯದು ಆ ಓರೆಗೆರೆಯ ಮೈಯಿಂದ ಬಲಕ್ಕೆ ಹೊರಡುವ ಅಡ್ಡಗೆರೆ. ಮೂರನೆಯದು ಉದ್ದಗೆರೆ: ನಡುವಿನ ಗೆರೆಯ ಮೇಲೆ, ಅಡ್ಡಗೆರೆಗಿಂತ ಎತ್ತರದಲ್ಲಿ ಶುರುವಾಗಿ ಅದನ್ನು ಸೀಳಿ ನೆಟ್ಟಗೆ ಕೆಳಕ್ಕೆ ಬರುತ್ತದೆ. ನಾಲ್ಕನೆಯದು ನಡುವಿನ ಅಡ್ಡಗೆರೆ, ಮೂರು ಅಡ್ಡಗೆರೆಗಳಲ್ಲಿ ಗಿಡ್ಡದ್ದು. ಐದನೆಯದು ತಳದ ಅಡ್ಡಗೆರೆ, ಎಲ್ಲಕ್ಕಿಂತ ಉದ್ದ. ಉದ್ದಗೆರೆ ಈ ತಳದ ಮೇಲೆಯೇ ನಿಲ್ಲಬೇಕು, ಕೆಳಗೆ ಇಣುಕಬಾರದು. ತಳದ ಗೆರೆ ಬಿಟ್ಟುಹೋಗಿ ಉದ್ದಗೆರೆ ಕೆಳಕ್ಕೆ ಚಾಚಿತೋ, ಅದು ದನದ ಅಕ್ಷರವಾಗಿಬಿಡುತ್ತದೆ. ಚೀನೀ ಕಲಿಸುವ ವಿಡಿಯೊ ನೋಡಿ ಬರೆಯುವವರು ಎರಡು ಅಡ್ಡಗೆರೆ ಮುಗಿಸಿ ಆಮೇಲೆ ಉದ್ದಗೆರೆ ಎಳೆಯುತ್ತಾರೆ. ಚೀನಾದಲ್ಲಿ ಅದು ಸರಿ, ಜಪಾನಿನ ಶಾಲೆಯಲ್ಲಿ ಉದ್ದಗೆರೆಯೇ ಮೂರನೆಯದು.

ಕನ್ನಡದ ಕೈಗೆ ಇಲ್ಲಿ ಒಂದು ತೊಡಕಿದೆ. ನಮ್ಮ ಅಕ್ಷರಗಳು ದುಂಡಗೆ ಹರಿಯುತ್ತವೆ, ಕೈ ಎತ್ತದೆ ಬರೆದು ರೂಢಿ. ಕಂಜಿಯಲ್ಲಿ ಪ್ರತಿ ಗೆರೆಯ ಕೊನೆಗೂ ಒಂದು ಕ್ರಮವಿದೆ: ಒತ್ತಿ ನಿಲ್ಲಿಸುವುದು ತೊಮೆ, ತೇಲಿಸಿ ಬಿಡುವುದು ಹರಇ, ಕೊಕ್ಕೆಯಂತೆ ಚಿಮ್ಮಿಸುವುದು ಹನೆ. ಮೊದಲ ತಿಂಗಳು ಪ್ರತಿ ಗೆರೆಗೂ ಕೈ ಎತ್ತಿ ಎಣಿಸುತ್ತಾ ಬರೆಯುವುದೇ ಮದ್ದು. ಎಣಿಕೆಯೂ ಮುಖ್ಯ, ನಿಘಂಟಿನಲ್ಲಿ ಗೆರೆಯ ಲೆಕ್ಕದಿಂದ ಹುಡುಕಬೇಕಾಗುತ್ತದೆ. ಬಾಯಿ ಎಂಬ ಅಕ್ಷರ ನೋಡಲು ಚೌಕ, ಆದರೆ ಗೆರೆ ನಾಲ್ಕಲ್ಲ, ಮೂರು: ಮೇಲಿನ ಅಡ್ಡಗೆರೆಯೂ ಬಲದ ಉದ್ದಗೆರೆಯೂ ಮೂಲೆಯಲ್ಲಿ ಮಡಿಸಿ ಒಂದೇ ಎಳೆತದಲ್ಲಿ ಬರುತ್ತವೆ.

ಅಂದಹಾಗೆ ನಾವು ಬರೆದ ಐದು ಗೆರೆಯ ಅಕ್ಷರ ನೆಲದಿಂದ ಮೇಲೆದ್ದ ಮೊಳಕೆಯ ಚಿತ್ರ. ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಅರ್ಥ ಬದುಕು, ಹುಟ್ಟು, ಹಸಿಯಾದದ್ದು ಎಂದು ಮೂರು ತುಂಡಾಗಿರುತ್ತದೆ. ಕಲಿಯುವವನು ಮೂರನ್ನೂ ಬೇರೆ ಬೇರೆ ಹೊರಬೇಕು. ಕನ್ನಡದಲ್ಲಿ ಹಾಗಲ್ಲ. ಹಸಿ, ಹಸಿರು, ಹಸುಳೆ ಎಂಬ ಮೂರು ಮಾತನ್ನು ಒಂದೇ ದಾರದಲ್ಲಿ ಪೋಣಿಸಿಕೊಳ್ಳಿ. ಬೇಯಿಸದ್ದು ಹಸಿ, ಚಿಗುರಿದ್ದು ಹಸಿರು, ಹೊಸದಾಗಿ ಹುಟ್ಟಿದ್ದು ಹಸುಳೆ. ಈ ಕಂಜಿಯ ಅರ್ಥದ ಹರವು ಹೆಚ್ಚುಕಡಿಮೆ ಅಷ್ಟೇ. ಕಂಜಿಯ ಅರ್ಥವನ್ನು ಇಂಗ್ಲಿಷ್ ಮೂಲಕ ಕನ್ನಡಕ್ಕೆ ತರುವುದು ಎರಡು ಸಲ ಸೋಸಿದ ಕಾಫಿ ಕುಡಿದಂತೆ. ನೇರವಾಗಿ ಕನ್ನಡದಲ್ಲೇ ಹುಡುಕಿಕೊಳ್ಳಬೇಕು.

ಓದಿನ ಮಾತಿಗೆ ಬರೋಣ. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಕಂಜಿಗಳ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಎರಡು ಒನ್, ಹತ್ತು ಕುನ್ ಕೊಟ್ಟಿದ್ದಾರೆ. ಒನ್ ಎಂದರೆ ಸೇ ಮತ್ತು ಶೋ. ಕುನ್‌ಗಳಲ್ಲಿ ಇಕಿರು ಎಂದರೆ ಬದುಕು, ಉಮರೆರು ಎಂದರೆ ಹುಟ್ಟು, ಹಎರು ಎಂದರೆ ಹುಲ್ಲು, ಹಲ್ಲು, ಕೂದಲು ಮೂಡುವುದು, ನಮ ಎಂದರೆ ಹಸಿ, ಕಿ ಎಂದರೆ ಬೆರಕೆಯಿಲ್ಲದ್ದು, ಹದಮಾಡದ್ದು. ಉಳಿದವು ಇವುಗಳದೇ ಬಳಗ. ಹನ್ನೆರಡನ್ನೂ ಒಂದೇ ದಿನ ಉರು ಹೊಡೆದವರಿಗೆ ಮರುದಿನ ಯಾವುದೂ ನೆನಪಿರುವುದಿಲ್ಲ. ನೆನಪಿದ್ದರೂ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಯಾವ ಓದು ಎಲ್ಲಿ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಬದಲಿಗೆ ಹೀಗೆ ಮಾಡಬೇಕು. ಮೊದಲ ದಿನ ಎರಡೇ ಪದ: ಸೆನ್ಸೇ, ಗಕುಸೇ. ಸೆನ್ಸೇ ಎಂದರೆ ಗುರು. ಅಕ್ಷರಶಃ ಮೊದಲು ಹುಟ್ಟಿದವರು. ಗಕುಸೇ ಎಂದರೆ ವಿದ್ಯಾರ್ಥಿ. ಎರಡೂ ಮೊದಲ ಪಾಠದಿಂದಲೇ ಕಿವಿಗೆ ಬಿದ್ದಿರುತ್ತವೆ, ಅಕ್ಷರ ಮಾತ್ರ ಹೊಸದು. ಸೇ ಎಂಬ ಓದು ಪುಕ್ಕಟೆಯಾಗಿ ದಕ್ಕಿತು. ಅದೇ ವಾರ ನಮ ಸೇರಿಸಿ: ಹಸಿ ಮೊಟ್ಟೆ ನಮತಮಗೊ. ಕ್ರಿಯಾಪದಗಳ ಪಾಠ ಬಂದಾಗ ಉಮರೆರು, ಅದರ ಹಿಂದೆ ಇಕಿರು. ಹುಟ್ಟುಹಬ್ಬದ ಪಾಠದಲ್ಲಿ ತಂಜೋಬಿ ಬರುತ್ತದೆ; ಅಲ್ಲಿ ಶೋ ಎಂಬುದು ಜೋ ಆಗಿದೆ ಎಂದು ಗುರುತು ಹಾಕಿಕೊಂಡರೆ ಎರಡನೇ ಒನ್ ಕೂಡ ಸಿಕ್ಕಿತು. ಹಎರು ಆರು ತಿಂಗಳ ನಂತರ ಬಂದರೂ ಚಿಂತೆಯಿಲ್ಲ. ಕಿ ಎಂಬುದು ಕಿ-ಇತೊ ಎಂಬ ಪದದೊಡನೆ ಬರಲಿ. ಇತೊ ಎಂದರೆ ನೂಲು. ಕಿ-ಇತೊ ಎಂದರೆ ಕಚ್ಚಾ ರೇಷ್ಮೆ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹೀಗೆ ಒಂದು ಕಂಜಿ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ತುಂಬಿಕೊಳ್ಳುತ್ತದೆ. ಕಾರ್ಡು ಮಾಡಿಕೊಳ್ಳುವವರು ಮುಂಭಾಗದಲ್ಲಿ ಒಂಟಿ ಕಂಜಿ ಬರೆಯಬಾರದು, ಇಡೀ ಪದವನ್ನೋ ಚಿಕ್ಕ ವಾಕ್ಯವನ್ನೋ ಬರೆಯಬೇಕು. ಹಿಂದೆ ಹಿರಗನದಲ್ಲಿ ಓದು, ಕನ್ನಡದಲ್ಲಿ ಅರ್ಥ. ಒಂದು ಪದಕ್ಕೆ ಒಂದು ಕಾರ್ಡು. ದಿನಕ್ಕೆ ಐದು ಹೊಸ ಅಕ್ಷರ ಸಾಕು, ಅದೂ ಹಳೆಯ ಕಾರ್ಡುಗಳನ್ನು ತಿರುವಿದ ಮೇಲೆ. ಕಲಿತದ್ದನ್ನು ಮರುದಿನ, ಮೂರನೇ ದಿನ, ಒಂದು ವಾರದ ನಂತರ, ಮೂರು ವಾರದ ನಂತರ ನೋಡಬೇಕು. ಒಂದೇ ಅಕ್ಷರವನ್ನು ನೂರು ಸಲ ಗೀಚಿಸುವವರಿದ್ದಾರೆ. ಹತ್ತನೇ ಸಲಕ್ಕೆ ಕೈ ಮಾತ್ರ ಓಡುತ್ತಿರುತ್ತದೆ, ತಲೆ ನಿಂತಿರುತ್ತದೆ. ಮೂರು ಸಲ ನೋಡಿ ಬರೆದು, ಪುಟ ಮುಚ್ಚಿ, ನೆನಪಿನಿಂದ ಎರಡು ಸಲ ಬರೆಯುವುದು ಅದಕ್ಕಿಂತ ಮೇಲು. ತಪ್ಪಿದರೆ ತಪ್ಪಿದ ಗೆರೆಯನ್ನು ಮಾತ್ರ ಗುರುತಿಸಿಕೊಂಡು ಮತ್ತೆ ಮುಚ್ಚಿ ಬರೆಯಬೇಕು.

ಇಲ್ಲಿ ಒಂದು ಲೆಕ್ಕವನ್ನು ಎಲ್ಲ ಕಲಿಕಾರ್ಥಿಗಳಿಗೂ ಮೊದಲೇ ಹೇಳಿಬಿಡಬೇಕು ಎಂಬುದು ನನ್ನ ಬಲವಾದ ಅನಿಸಿಕೆ. ಆ ನಿತ್ಯಬಳಕೆಯ ಪಟ್ಟಿಯಲ್ಲಿರುವ ಕಂಜಿಗಳು 2136. ಅವುಗಳ ಒಟ್ಟು ಓದುಗಳು 4388: ಒನ್ 2352, ಕುನ್ 2036. ಭಾಗಿಸಿದರೆ ಅಕ್ಷರಕ್ಕೆ ಎರಡು ಓದು ಬರುತ್ತದೆ, ಅಷ್ಟೇ. ಒಂದೇ ಓದಿರುವ ಅಕ್ಷರಗಳು ರಾಶಿ ಇವೆ. ಆದರೆ ಮೇಲೆ, ಕೆಳಗೆ, ದಿನ, ಮನುಷ್ಯ, ಹುಟ್ಟು ಮುಂತಾದ ಹಳೆಯ, ಸರಳ, ದಿನಬಳಕೆಯ ಅಕ್ಷರಗಳಿಗೇ ಓದು ಜಾಸ್ತಿ, ತಿಕ್ಕಿ ಸವೆಸಿದ ಪಾತ್ರೆಯ ಹಾಗೆ. ಜಪಾನಿನ ಒಂದನೇ ತರಗತಿಯ ಮಕ್ಕಳು ಕಲಿಯುವ 80 ಕಂಜಿಗಳಲ್ಲಿ ಇವೆಲ್ಲ ಇವೆ. ನಮ್ಮವರೂ ಮೊದಲು ಕಲಿಯುವುದು ಇವನ್ನೇ. ಬರೆಯಲು ಸುಲಭವಾದವು ಓದಲು ಕಷ್ಟ. ಮೊದಲ ಮೆಟ್ಟಿಲೇ ಇಷ್ಟು ಎತ್ತರವಿದ್ದರೆ ಎರಡು ಸಾವಿರ ಮೆಟ್ಟಿಲು ಹತ್ತುವುದು ಹೇಗೆ ಎಂದು ಹೆದರಿ ಬಿಟ್ಟುಬಿಡುವವರಿಗೆ, ಮುಂದಿನ ಮೆಟ್ಟಿಲುಗಳು ತಗ್ಗು ಎಂದು ಯಾರೂ ಹೇಳಿರುವುದಿಲ್ಲ.

ತಗ್ಗಾಗಲು ಇನ್ನೊಂದು ಕಾರಣವೂ ಇದೆ. ನಮ್ಮ ಮೊಳಕೆಯ ಅಕ್ಷರ ಬೇರೆ ಅಕ್ಷರಗಳ ಒಳಗೆ ಹೋಗಿ ಕೂತು ಓದನ್ನು ಹೇಳಿಕೊಡುತ್ತದೆ. ಎಡಕ್ಕೆ ಹೃದಯದ ಗುರುತು ಸೇರಿದರೆ ‘ಸ್ವಭಾವ’, ಹೆಣ್ಣಿನ ಗುರುತು ಸೇರಿದರೆ ‘ಮನೆತನದ ಹೆಸರು’, ಮೇಲೆ ಸೂರ್ಯ ಕೂತರೆ ‘ನಕ್ಷತ್ರ’, ಎಡಕ್ಕೆ ದನದ ಗುರುತು ಬಂದರೆ ‘ಬಲಿ’. ನಾಲ್ಕಕ್ಕೂ ಒನ್ ಓದು ಸೇ. ಒಂದು ಭಾಗ ಅರ್ಥದ ದಿಕ್ಕು ತೋರಿಸುತ್ತದೆ, ಇನ್ನೊಂದು ಭಾಗ ಸದ್ದು ಕೊಡುತ್ತದೆ. ಮುನ್ನೂರು ಅಕ್ಷರ ದಾಟಿದವರು ಹೊಸ ಕಂಜಿ ನೋಡಿದಾಗ ಮೊದಲು ಇದನ್ನೇ ಹುಡುಕಬೇಕು. ಊಹೆ ಯಾವಾಗಲೂ ಫಲಿಸುವುದಿಲ್ಲ: ಹೆರುವುದು, ಬೆಳೆಯುವುದು ಎಂಬರ್ಥದ ಅಕ್ಷರದ ಒಳಗೂ ಇದೇ ಮೊಳಕೆ ಇದೆ, ಓದು ಮಾತ್ರ ಸನ್. ಊಹಿಸಿ, ಆಮೇಲೆ ನಿಘಂಟು ನೋಡಿ ಖಚಿತಪಡಿಸಿಕೊಳ್ಳಬೇಕು. ನಿಘಂಟಿನಲ್ಲಿ ಒನ್ ಓದನ್ನು ಕತಕನದಲ್ಲೂ ಕುನ್ ಓದನ್ನು ಹಿರಗನದಲ್ಲೂ ಕೊಡುವುದು ವಾಡಿಕೆ.

ಯಾವುದು ಒನ್, ಯಾವುದು ಕುನ್ ಎಂಬುದನ್ನು ಕಿವಿಯಿಂದಲೇ ಗುರುತಿಸಬಹುದು. ಒನ್ ಓದು ಗಿಡ್ಡ, ಒಂದು ಅಥವಾ ಎರಡು ಮಾತ್ರೆ. ಎರಡನೇ ಮಾತ್ರೆ ಇದ್ದರೆ ಅದು ಇ, ಉ, ನ್, ಕಿ, ಕು, ಚಿ, ತ್ಸು ಈ ಏಳರಲ್ಲಿ ಒಂದು. ನೆನ್, ಎಕಿ, ಗಕು, ನಿಚಿ, ಜಿತ್ಸು, ಎಲ್ಲವೂ ಈ ಅಚ್ಚಿನವೇ. ಇಕಿರು, ಉಮರೆರು ಈ ಅಚ್ಚಿಗೆ ಹೊಂದುವುದಿಲ್ಲ, ಹಾಗಾಗಿ ಅವು ಕುನ್. ಪುಟದ ಮೇಲಾದರೆ ಕಂಜಿಯ ಬಾಲಕ್ಕೆ ಹಿರಗನ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಕುನ್. ಎರಡು ಮೂರು ಕಂಜಿ ಬಾಲವಿಲ್ಲದೆ ಒಟ್ಟಿಗೆ ನಿಂತಿದ್ದರೆ ಸಾಮಾನ್ಯವಾಗಿ ಒನ್. ಬಾಲಕ್ಕೆ ಒಕುರಿಗನ ಎಂದು ಹೆಸರು. ಇಕಿರು ಎಂಬಲ್ಲಿ ಕಂಜಿಯ ಪಾಲು ‘ಇ’ ಮಾತ್ರ, ‘ಕಿರು’ ಬಾಲ. ಉಮರೆರು ಎಂಬಲ್ಲಿ ‘ಉ’ ಕಂಜಿ, ‘ಮರೆರು’ ಬಾಲ. ಬಾಲ ನೋಡಿಯೇ ಓದು ತೀರ್ಮಾನವಾಗುವುದರಿಂದ ಬಾಲವನ್ನು ತಪ್ಪಿಲ್ಲದೆ ಬರೆಯುವುದು ಅಕ್ಷರವನ್ನು ಬರೆಯುವಷ್ಟೇ ಮುಖ್ಯ. ಬಾಲವಿದ್ದೂ ಎರಡಾಗಿ ಓದಬಹುದಾದ ಪ್ರಸಂಗ ಒಂದುಂಟು. ‘ಹೋಗು’ ಎಂಬ ಕಂಜಿಯ ಭೂತಕಾಲವನ್ನು ಇತ್ತ ಎಂದರೆ ‘ಹೋದೆ’, ಒಕೊನತ್ತ ಎಂದರೆ ‘ನಡೆಸಿದೆ’. ಬರಹ ಎರಡಕ್ಕೂ ಒಂದೇ. ಹಿಂದೆ ನಿ ಎಂಬ ಪ್ರತ್ಯಯವಿದ್ದರೆ ಮೊದಲನೆಯದು, ಒ ಎಂಬ ಕರ್ಮದ ಪ್ರತ್ಯಯವಿದ್ದರೆ ಎರಡನೆಯದು ಎಂದು ಹಿಡಿಯಬೇಕು.

ಆ ‘ಹೋಗು’ ಕಂಜಿಯ ಒನ್ ಓದುಗಳಲ್ಲಿ ಚರಿತ್ರೆ ಪದರ ಪದರವಾಗಿ ಕೂತಿದೆ. ಬೌದ್ಧಧರ್ಮದ ಜೊತೆ ಮೊದಲು ಬಂದ ಓದು ಗ್ಯೋ. ಚೀನಾದ ತಾಂಗ್ ರಾಜರ ಕಾಲದಲ್ಲಿ ರಾಯಭಾರಿಗಳು, ವಿದ್ಯಾರ್ಥಿಗಳು ತಂದದ್ದು ಕೋ. ಝೆನ್ ಭಿಕ್ಷುಗಳ ಕಾಲದಲ್ಲಿ ಬಂದದ್ದು ಅನ್. ಒಂದೇ ಸಂಸ್ಕೃತ ಪದ ಕನ್ನಡಕ್ಕೆ ಒಮ್ಮೆ ವಿದ್ಯೆಯಾಗಿ, ಇನ್ನೊಮ್ಮೆ ಬಿಜ್ಜೆಯಾಗಿ ಬಂದ ಹಾಗೆ. ಬ್ಯಾಂಕು ಗಿಂಕೋ, ಪ್ರವಾಸ ರ್‍ಯೊಕೋ, ಸರದಿ ಸಾಲು ಗ್ಯೋರೆತ್ಸು. ಅನ್ ಎಂಬ ಓದು ಬಲು ಅಪರೂಪ. ಆದರೆ ವಾಹನ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮವರು ಅದನ್ನು ದಿನವೂ ಹೇಳುತ್ತಾರೆ: ಸಾಲಿನಲ್ಲಿ ತೊಂದರೆಯಾದಾಗ ಹೊತ್ತಿಕೊಳ್ಳುವ ದೀಪದ ಫಲಕಕ್ಕೆ ಆಂಡನ್ ಎನ್ನುತ್ತಾರಲ್ಲ, ಅದು ಅಂದೊನ್. ಹೋಗು ಮತ್ತು ದೀಪ ಎಂಬ ಎರಡು ಕಂಜಿ. ಕೈಯಲ್ಲಿ ಹಿಡಿದು ಒಯ್ಯುತ್ತಿದ್ದ ಕಾಗದದ ಹಣತೆಯ ಹೆಸರು ಅದು. ಕೈಝೆನ್ (ನಿರಂತರ ಸುಧಾರಣೆ), ಕಂಬನ್ (ಕೆಲಸದ ಸೂಚನಾ ಚೀಟಿ) ಎಂಬ ಮಾತುಗಳನ್ನು ಬಲ್ಲ ಕಾರ್ಮಿಕರಿಗೆ ಕಂಜಿ ಕಲಿಸುವಾಗ ಇವುಗಳಿಂದಲೇ ಶುರುಮಾಡಬಹುದು. ಕಿವಿಗೆ ಆಗಲೇ ಪರಿಚಿತ, ಕಣ್ಣಿಗೆ ಪರಿಚಯಿಸಿದರೆ ಮುಗಿಯಿತು. ಕೈಝೆನ್ ಪದದಲ್ಲಿ ಕಇ ಎಂದರೆ ಬದಲು, ಝೆನ್ ಎಂದರೆ ಒಳಿತು.

ಪದಗಳು ಕೂಡುವಾಗ ಸದ್ದು ಬದಲಾಗುವುದು ಕಲಿಯುವವರಿಗೆ ಇನ್ನೊಂದು ಕಂಟಕ. ಅಸಲಿಗೆ ಕನ್ನಡಿಗರಿಗೆ ಇದು ಮನೆಯ ವಿಷಯ. ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಕಣ್, ಪನಿ ಸೇರಿದರೆ ಕಂಬನಿ. ಆದೇಶಸಂಧಿ ಎಂದು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಜಪಾನಿಯಲ್ಲಿ ತೆ, ಕಮಿ ಸೇರಿ ತೆಗಮಿ, ಎಂದರೆ ಕಾಗದ ಪತ್ರ. ಹನ, ಹಿ ಸೇರಿ ಹನಬಿ, ಎಂದರೆ ಹೂವಿನಂಥ ಬೆಂಕಿ, ಬಾಣಬಿರುಸು. ಕಕಾರ ಗಕಾರವಾಗುತ್ತದೆ, ತಕಾರ ದಕಾರ, ಸಕಾರ ಝಕಾರ, ಹಕಾರ ಬಕಾರ. ಎರಡನೇ ಪದದಲ್ಲಿ ಆಗಲೇ ಗ, ಝ, ದ, ಬ ಇದ್ದರೆ ಬದಲಾವಣೆ ಆಗುವುದಿಲ್ಲ: ಹರು ಎಂದರೆ ವಸಂತ, ಕಝೆ ಎಂದರೆ ಗಾಳಿ, ಕೂಡಿದರೆ ಹರುಕಝೆಯೇ. ಒನ್ ಓದುಗಳಲ್ಲಿ ಈ ಬದಲಾವಣೆ ಕಡಿಮೆ. ಅವುಗಳ ಪಾಡು ಬೇರೆ: ಸತ್, ಜನ ಸೇರಿ ಸಜ್ಜನ ಆದಂತೆ ಗಕು, ಕೋ ಸೇರಿ ಗಕ್ಕೋ, ಎಂದರೆ ಶಾಲೆ. ಇಚಿ, ಶೋ ಸೇರಿ ಇಶ್ಶೋ, ಎಂದರೆ ಇಡೀ ಜನ್ಮ.

ಹಕಾರ ಬಕಾರವಾಗುವುದು, ಕೆಲವೆಡೆ ಪಕಾರವಾಗುವುದು ಬೇರೆ ಭಾಷೆಯವರಿಗೆ ಬಿಡಿಸಲಾಗದ ಗಂಟು. ನಮಗೆ ಅದರ ಕೀಲಿ ಒಂದರಿಂದ ನೂರರವರೆಗಿನ ಎಣಿಕೆಯಲ್ಲೇ ಇದೆ. ಹತ್ತು, ಇಪ್ಪತ್ತು, ಎಂಬತ್ತು. ಒಂಟಿಯಾಗಿ ಹಕಾರ, ಒತ್ತಿನಲ್ಲಿ ಪಕಾರ, ಅನುಸ್ವಾರದ ನಂತರ ಬಕಾರ. ಪೆನ್ಸಿಲ್ಲಿನಂಥ ಉದ್ದ ವಸ್ತುಗಳನ್ನು ಜಪಾನಿಯಲ್ಲಿ ಎಣಿಸುವಾಗ ಒಂದು ಇಪ್ಪೊನ್, ಎರಡು ನಿಹೊನ್, ಮೂರು ಸಂಬೊನ್. ಅದೇ ಹ, ಪ್ಪ, ಂಬ. ಕನ್ನಡದ ಹಾಲು ಹಿಂದೆ ಪಾಲಾಗಿತ್ತು. ಜಪಾನಿನ ಹಕಾರವೂ ಹಿಂದೊಮ್ಮೆ ಪಕಾರವೇ ಆಗಿತ್ತು ಎಂಬುದು ಭಾಷಾಶಾಸ್ತ್ರಜ್ಞರು ಒಪ್ಪಿದ ಮಾತು. ಎರಡು ಭಾಷೆಗಳೂ ತಮ್ಮಷ್ಟಕ್ಕೆ ನಡೆದ ದಾರಿ ಇದು, ನಂಟಿನಿಂದ ಬಂದದ್ದಲ್ಲ. ಆದರೂ ಕಲಿಯುವವರಿಗೆ ದೊಡ್ಡ ಆಸರೆ. ಜಪಾನಿನಲ್ಲಿ ನೆಲೆಸುವ ವಿದೇಶಿಯರಿಗೆ ಕೊಡುವ ನಿವಾಸಿ ಕಾರ್ಡಿನಲ್ಲಿ ಹುಟ್ಟಿದ ದಿನಾಂಕದ ಪಕ್ಕ ನಾಲ್ಕು ಕಂಜಿ ಅಚ್ಚಾಗಿರುತ್ತವೆ: ಹುಟ್ಟು, ವರ್ಷ, ತಿಂಗಳು, ದಿನ. ಓದು ಸೇನೆಂಗಪ್ಪಿ. ನಮ್ಮ ಮೊಳಕೆಯ ಸೇ, ವರ್ಷದ ನೆನ್, ಆಮೇಲೆ ಗತ್ಸು ಮತ್ತು ಹಿ ಒಂದಕ್ಕೊಂದು ಒತ್ತಿ ಗಪ್ಪಿ.

ಇದನ್ನೆಲ್ಲ ಬರೆದುಕೊಳ್ಳಲು ರೋಮನ್ ಅಕ್ಷರ ಬಳಸುವುದನ್ನು ನಮ್ಮ ತರಗತಿಗಳು ಬಿಡಬೇಕು. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಎಂದರೆ ಅಜ್ಜಿ. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆ ಚೀಟಿ. ತಿಂಗಳ ನಾಲ್ಕನೇ ತಾರೀಕು ಯೊಕ್ಕ, ಎಂಟನೆಯದು ಯೋಕ. ಇದರಲ್ಲಿ ಎಡವಿ ತಪ್ಪು ದಿನ ಹೋಗುವವರುಂಟು. ಹ್ರಸ್ವ ದೀರ್ಘ, ಒತ್ತಕ್ಷರ ಎರಡನ್ನೂ ಕನ್ನಡ ಲಿಪಿ ಸಲೀಸಾಗಿ ತೋರಿಸುತ್ತದೆ. ಎ ಏ, ಒ ಓ ಎಂಬ ಭೇದ ಹಿಂದಿಯ ಲಿಪಿಗೂ ಇಲ್ಲದ ಅನುಕೂಲ. ನಮ್ಮ ಅನುಸ್ವಾರವಂತೂ ಜಪಾನಿಯ ನ್ ಅಕ್ಷರದ ಹಾಗೆಯೇ ಮುಂದಿನ ವ್ಯಂಜನ ನೋಡಿ ಸದ್ದು ಬದಲಿಸುತ್ತದೆ: ಸಂಕಟದಲ್ಲಿ ಒಂದು, ಸಂಬಳದಲ್ಲಿ ಇನ್ನೊಂದು. ಆದರೆ ಕನ್ನಡ ಲಿಪಿಯೂ ಮೊದಲ ಮೂರು ವಾರದ ಊರುಗೋಲು ಮಾತ್ರ. ಏಕೆಂದರೆ ಕಂಪ್ಯೂಟರಿನಲ್ಲಿ ಕಂಜಿ ಬರಿಸಲು ಕೇಳಿದ್ದನ್ನಲ್ಲ, ಹಿರಗನದ ಕಾಗುಣಿತವನ್ನು ಒತ್ತಬೇಕು. ಸೆನ್ಸೇ ಎಂದು ಕೇಳಿದ್ದನ್ನು ಸೆ-ನ್-ಸೆ-ಇ ಎಂದು ಒತ್ತಬೇಕು. ಒನ್ ಓದಿನ ಓಕಾರ ಯಾವಾಗಲೂ ಒ-ಉ. ತೋಕ್ಯೋ ಎಂಬುದು ತೊ-ಉ-ಕ್ಯೊ-ಉ. ಓಸಕ ಊರಿ‌ನ ಓಕಾರ ಕುನ್ ಆದ್ದರಿಂದ ಅದು ಒ-ಒ-ಸ-ಕ.

ಎರಡು ಎಚ್ಚರಿಕೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಫೋನಿನ ಭಾಷೆಗಳ ಪಟ್ಟಿಗೆ ಜಪಾನಿಯನ್ನು ಸೇರಿಸಿ, ಚೀನಿ ಇದ್ದರೆ ಅದಕ್ಕಿಂತ ಮೇಲಿಡಬೇಕು. ಇಲ್ಲದಿದ್ದರೆ ಕೆಲವು ಕಂಜಿಗಳು ಚೀನೀ ಅಚ್ಚಿನಲ್ಲಿ ಕಾಣುತ್ತವೆ. ‘ನೇರ’ ಎಂಬ ಅಕ್ಷರದ ಎಡಕ್ಕೆ, ತಳಕ್ಕೆ ಜಪಾನಿನಲ್ಲಿ ಮಡಿಸಿದ ಗೆರೆಯಿದೆ, ಚೀನೀ ಅಚ್ಚಿನಲ್ಲಿ ಬರೀ ಅಡ್ಡಗೆರೆ. ಪರದೆ ನೋಡಿ ನಕಲು ಮಾಡಿದವರು ತಪ್ಪನ್ನೇ ಕಲಿಯುತ್ತಾರೆ. ಇನ್ನು ನೋಟಕ್ಕೆ ಅವಳಿಗಳಾದ ಅಕ್ಷರಗಳನ್ನು ಒಂದೇ ದಿನ ಕಲಿಯಬಾರದು. ಮಣ್ಣು ಎಂಬುದರಲ್ಲಿ ಕೆಳಗಿನ ಅಡ್ಡಗೆರೆ ಉದ್ದ, ಯೋಧ ಎಂಬುದರಲ್ಲಿ ಮೇಲಿನದು ಉದ್ದ. ಒಂದು ಗಟ್ಟಿಯಾಗಿ ಎರಡು ವಾರ ಕಳೆದ ಮೇಲೆ ಇನ್ನೊಂದನ್ನು ತರಬೇಕು.

ಕೆಲವು ಪದಗಳಲ್ಲಿ ಓದನ್ನು ಅಕ್ಷರಗಳಿಗೆ ಹಂಚಲು ಹೋಗಲೇಬಾರದು. ‘ಇಂದು’ ಎಂಬ ಎರಡು ಕಂಜಿಯ ಪದದ ಓದು ಕ್ಯೋ, ‘ದೊಡ್ಡವರು’ ಎಂಬುದರ ಓದು ಒತೊನ. ಓದು ಇಡೀ ಪದದ್ದು, ಯಾವ ಅಕ್ಷರದ ಪಾಲು ಎಷ್ಟು ಎಂಬ ಪ್ರಶ್ನೆಯೇ ಇಲ್ಲ. ಇಂಥ 116 ಪದಗಳನ್ನು ಸರ್ಕಾರಿ ಪಟ್ಟಿಯ ಕೊನೆಗೆ ಬೇರೆಯಾಗಿಯೇ ಕೊಟ್ಟಿದ್ದಾರೆ. ಮೊಳಕೆಯ ಅಕ್ಷರವಿರುವ ಶಿಬಫು, ಅಂದರೆ ಹುಲ್ಲುಹಾಸು, ಅದರಲ್ಲಿದೆ. ವ್ಯಕ್ತಿಗಳ ಹೆಸರುಗಳಲ್ಲಂತೂ ಕೇಳದೆ ಓದಬಾರದು. ಶೋಗಿ ಎಂಬ ಜಪಾನಿ ಚದುರಂಗದ ದಿಗ್ಗಜ ಯೊಶಿಹರು ಹಬು, ಫಿಗರ್ ಸ್ಕೇಟಿಂಗ್‌ನಲ್ಲಿ ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ ಯುಝುರು ಹನ್ಯೂ, ಇಬ್ಬರ ಮನೆತನದ ಹೆಸರನ್ನೂ ಬರೆಯುವುದು ಅವೇ ಎರಡು ಕಂಜಿಗಳಲ್ಲಿ: ರೆಕ್ಕೆ, ನಂತರ ನಮ್ಮ ಮೊಳಕೆ. ಜಪಾನಿಗರೇ ಒಬ್ಬರನ್ನೊಬ್ಬರು ‘ನಿಮ್ಮ ಹೆಸರನ್ನು ಹೇಗೆ ಓದಬೇಕು’ ಎಂದು ಕೇಳಿಕೊಳ್ಳುತ್ತಾರೆ, ಅರ್ಜಿಗಳಲ್ಲಿ ಹೆಸರಿನ ಮೇಲೆ ಓದನ್ನು ಬರೆಯಲು ಬೇರೆ ಜಾಗವೇ ಇರುತ್ತದೆ. ನಮ್ಮವರು ಕೇಳಲು ಸಂಕೋಚಪಡಬೇಕಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಜಪಾನಿನ ಊರು, ಜನರ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಿಂದ ಎತ್ತಿಕೊಳ್ಳದೆ, ಹ್ರಸ್ವ ದೀರ್ಘ ನೋಡಿ ಅಚ್ಚು ಮಾಡಿದರೆ ಕಲಿಯುವವರಿಗೆ ಅದೇ ದೊಡ್ಡ ಪಾಠ. ಟೋಕಿಯೊ, ಕ್ಯೋಟೋ ಎಂದು ಬರೆದಾಗ ಆ ಎರಡು ಊರುಗಳ ನಂಟು ಮುಚ್ಚಿಹೋಗುತ್ತದೆ. ತೋಕ್ಯೋ, ಕ್ಯೋತೊ ಎಂದು ಬರೆದರೆ ರಾಜಧಾನಿ ಎಂಬರ್ಥದ ‘ಕ್ಯೋ’ ಎರಡರಲ್ಲೂ ಇದೆ ಎಂಬುದು ಮಕ್ಕಳಿಗೂ ಕಾಣುತ್ತದೆ. ಎರಡನೆಯದು, ವಿದ್ಯಾರ್ಥಿಗಳ ಪುಟದಲ್ಲಿ ವಾರಕ್ಕೊಂದು ಸಣ್ಣ ಚೌಕಟ್ಟು ಕೊಡಿ. ಒಂದೇ ಕಂಜಿ, ಗೆರೆಯ ಕ್ರಮದ ಚಿತ್ರ, ಒಂದು ಒನ್ ಪದ, ಒಂದು ಕುನ್ ಪದ, ಕನ್ನಡದಲ್ಲಿ ಅರ್ಥ. ಪಟ್ಟಿ ಬೇಡ.

ಮೊದಲ ಏಳು ವಾರಕ್ಕೆ ವಾರದ ಏಳು ದಿನಗಳ ಕಂಜಿಗಳೇ ಸರಿ: ಸೂರ್ಯ, ಚಂದ್ರ, ಬೆಂಕಿ, ನೀರು, ಮರ, ಚಿನ್ನ, ಮಣ್ಣು. ಬೆಂಕಿಯ ನಕ್ಷತ್ರವೆಂದರೆ ಮಂಗಳ ಗ್ರಹ, ನೀರಿನದು ಬುಧ, ಮರದ್ದು ಗುರು, ಚಿನ್ನದ್ದು ಶುಕ್ರ, ಮಣ್ಣಿನದು ಶನಿ. ನಮ್ಮ ಪಂಚಾಂಗದ ವಾರಗಳ ಕ್ರಮವೇ ಅಲ್ಲಿಯೂ ಇರುವುದರಿಂದ ಅರ್ಥ ವಿವರಿಸಲು ಒಂದು ಸಾಲು ಸಾಕು. ಭಾನುವಾರದ ನಿಚಿಯೋಬಿಯಿಂದಲೇ ಶುರುಮಾಡಬಹುದು. ಮೂರು ಕಂಜಿಯ ಆ ಪದದಲ್ಲಿ ಮೊದಲನೆಯದೂ ಕೊನೆಯದೂ ಒಂದೇ ಅಕ್ಷರ, ಸೂರ್ಯನದು. ಮೊದಲ ಸಲ ಓದು ನಿಚಿ, ಅದು ಒನ್. ಕೊನೆಯಲ್ಲಿ ಬಿ, ಅದು ಹಿ ಎಂಬ ಕುನ್, ಹಕಾರ ಬಕಾರವಾಗಿ ಬಂದದ್ದು.

ಇಂತಿ,
ಜಪಾನಿ ಭಾಷೆ ಕಲಿಸುವ ಓದುಗರು,
ಬೆಂಗಳೂರು